ಅಜ್ಜನಿಗೆ ಹಳೇ ಪುತ್ತರಿ ನೆನಪಿದೆ, ಕನ್ನಡಕ ಇಟ್ಟ ಜಾಗ ನೆನಪಿಲ್ಲ: ವಯಸ್ಸಿನ ಜೊತೆ ಬುದ್ಧಿ, ನೆನಪು ಹೇಗೆ ಬದಲಾಗುತ್ತವೆ?

ಐವತ್ತು ವರ್ಷದ ಹಿಂದಿನ ಪುತ್ತರಿಯಲ್ಲಿ (ಕೊಡಗಿನ ಸುಗ್ಗಿ ಹಬ್ಬ) ಕದಿರು ತೆಗೆದವರು ಯಾರು, ಊರ ಬಯಲಾದ ಮಂದ್‌ನಲ್ಲಿ ಕೋಲಾಟದ ಹೊತ್ತಿಗೆ ಯಾರು ಎಡವಿ ಬಿದ್ದರು ಅನ್ನೋದನ್ನೆಲ್ಲ ಅಜ್ಜ ಬಿಡಿಬಿಡಿಯಾಗಿ ಹೇಳುತ್ತಾರೆ. ಅದೇ ಅಜ್ಜ ಬೆಳಿಗ್ಗೆ ತಾವೇ ಇಟ್ಟ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕುತ್ತಾರೆ. ಬೆಂಗಳೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಒಂದೇ ಸುದ್ದಿಯನ್ನು ಎರಡು ಸಲ ಹೇಳುತ್ತಾರೆ. ಮಗಳಿಗೆ ಗಾಬರಿ. ಇದು ವಯಸ್ಸಿನ ಮರೆವೋ, ಕಾಯಿಲೆಯೋ?

ಕೊಡಗಿನಲ್ಲಿ ಈ ಪ್ರಶ್ನೆ ಈಗ ಮನೆಮನೆಯಲ್ಲಿದೆ. ಮಕ್ಕಳು ಓದು, ಕೆಲಸ ಅಂತ ಊರು ಬಿಟ್ಟಿದ್ದಾರೆ. ತೋಟದ ಮಧ್ಯದ ದೊಡ್ಡ ಮನೆಯಲ್ಲಿ ಇಬ್ಬರೇ ಹಿರಿಯರು, ಕೆಲವು ಕಡೆ ಒಬ್ಬರೇ. ಇದರ ಮೇಲೆ ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳು: ‘25 ದಾಟಿದರೆ ಮಿದುಳು ಸವೆಯುತ್ತೆ’, ‘ಈ ಕಷಾಯ ಕುಡಿದರೆ ಮರೆವು ಬರಲ್ಲ’. ರಾಜ್ಯ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ 2022ರಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ಒಂದು ಕಾರ್ಯಕ್ರಮ ಶುರು ಮಾಡಿದ ಮೇಲೆ ಈ ಮಾತು ಇನ್ನಷ್ಟು ಹರಡಿದೆ. ಹಾಗಾಗಿ ತೊಟ್ಟಿಲಿನಿಂದ ಮುಪ್ಪಿನ ತನಕ ಬುದ್ಧಿ ಮತ್ತು ನೆನಪು ಹೇಗೆ ಬೆಳೆಯುತ್ತವೆ, ಹೇಗೆ ಬದಲಾಗುತ್ತವೆ, ಇದನ್ನು ಸಂಶೋಧಕರು ಹೇಗೆ ಕಂಡುಕೊಂಡರು ಅಂತ ಮೊದಲಿನಿಂದ ನೋಡೋಣ.

ನೆನಪು ಒಂದಲ್ಲ, ಹಲವು

1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ಒಂದು ಶಸ್ತ್ರಚಿಕಿತ್ಸೆ ನಡೆಯಿತು. ಮೂರ್ಛೆ ರೋಗ ವಿಪರೀತವಾಗಿತ್ತು. ಅದನ್ನು ತಡೆಯಲು ವೈದ್ಯರು ಮಿದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಲ್ಲಿಂದ ಮುಂದೆ ಹೊಸದಾಗಿ ನಡೆದ ಯಾವ ಘಟನೆಯೂ ಅವರ ತಲೆಯಲ್ಲಿ ಉಳಿಯಲಿಲ್ಲ. ಈಗ ಮಾತಾಡಿಸಿ ಹೋದವರು ಸ್ವಲ್ಪ ಹೊತ್ತಿನ ನಂತರ ಮತ್ತೆ ಬಂದರೆ ಮೊದಲ ಸಲ ನೋಡಿದಂತೆ ಪರಿಚಯ ಮಾಡಿಕೊಳ್ಳುತ್ತಿದ್ದರು. ಬಾಲ್ಯದ ಸಂಗತಿಗಳು ಮಾತ್ರ ನೆನಪಿದ್ದವು.

ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವರಿಗೆ ಒಂದು ವಿಚಿತ್ರ ಕೆಲಸ ಕೊಟ್ಟರು. ಕಾಗದದ ಮೇಲಿರುವ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು, ಆದರೆ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮನೆಯಲ್ಲಿ ಮಾಡಿ ನೋಡಿ, ಕೈ ಪೂರ್ತಿ ಉಲ್ಟಾ ಹೋಗುತ್ತೆ. ಮೊಲೈಸನ್ ದಿನದಿಂದ ದಿನಕ್ಕೆ ಸುಧಾರಿಸಿದರು. ಮೂರನೇ ದಿನದ ಹೊತ್ತಿಗೆ ಕೈ ಪಳಗಿತ್ತು. ಆದರೆ ಈ ಕೆಲಸ ಹಿಂದೆ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ! ಕೈಗೆ ನೆನಪಿದೆ, ಅವರಿಗೆ ನೆನಪಿಲ್ಲ.

ಈ ಒಬ್ಬ ಮನುಷ್ಯನಿಂದ ವಿಜ್ಞಾನ ಕಲಿತದ್ದು ಬಹಳ. ನಡೆದ ಘಟನೆಗಳ ನೆನಪು ಒಂದು. ‘ಕಾವೇರಿ ಹುಟ್ಟುವುದು ತಲಕಾವೇರಿಯಲ್ಲಿ’ ಎಂಬಂಥ ತಿಳಿವಳಿಕೆಯ ನೆನಪು ಇನ್ನೊಂದು. ಸೈಕಲ್ ಹೊಡೆಯುವುದು, ದುಡಿ ಬಾರಿಸುವುದು, ಮರ ಹತ್ತಿ ಮೆಣಸು ಕುಯ್ಯುವುದು ಅಭ್ಯಾಸದ ನೆನಪು. ಇವುಗಳ ಜೊತೆಗೆ, ಯಾರೋ ಹೇಳಿದ ಫೋನ್ ನಂಬರನ್ನು ಒತ್ತುವ ತನಕ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇವಲ್ಲ, ಅದು ವರ್ಕಿಂಗ್ ಮೆಮೊರಿ. ತಕ್ಷಣದ ನೆನಪು ಅನ್ನಬಹುದು. ಮಿದುಳಿನಲ್ಲಿ ಇವುಗಳ ಏರ್ಪಾಡು ಬೇರೆ ಬೇರೆ. ಬಲಿಯುವ ವಯಸ್ಸೂ ಬೇರೆ, ಕುಗ್ಗುವ ವಯಸ್ಸೂ ಬೇರೆ. ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು.

ಇನ್ನೊಂದು ಸಂಗತಿ. ಘಟನೆಯೊಂದು ನಡೆದ ಕೂಡಲೇ ಅದು ಗಟ್ಟಿ ನೆನಪಾಗುವುದಿಲ್ಲ. ಕುಯ್ದ ಕಾಫಿ ಹಣ್ಣನ್ನು ಅದೇ ದಿನ ಮೂಟೆ ಕಟ್ಟಿ ಗೋಡೌನಿಗೆ ಹಾಕಿದರೆ ಬೂಷ್ಟು ಹಿಡಿಯುತ್ತೆ ಅಲ್ವಾ? ಕಣದಲ್ಲಿ ಹರಡಬೇಕು, ದಿನಾ ಕೈಯಾಡಿಸಬೇಕು, ಒಣಗಿದ ಮೇಲೆ ಮೂಟೆ. ನೆನಪಿಗೂ ಇಂಥ ಒಣಗುವ ಹಂತವಿದೆ, ಅದರ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ಗಾಢ ನಿದ್ದೆಯ ಹೊತ್ತಿನಲ್ಲಿ ಹಿಪೊಕ್ಯಾಂಪಸ್ ಹಗಲಿನ ಅನುಭವಗಳನ್ನು ಮತ್ತೆ ಮತ್ತೆ ಓಡಿಸಿ, ಮಿದುಳಿನ ಹೊರಪದರದಲ್ಲಿ ಗಟ್ಟಿಯಾಗಲು ನೆರವಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಓದುವ ಮಕ್ಕಳು ಕಳೆದುಕೊಳ್ಳುವುದು ಇದನ್ನೇ.

ತೊಟ್ಟಿಲ ಕೂಸಿಗೆ ನೆನಪಿದೆಯಾ?

ಇದೆ. ಮಾತು ಬಾರದ ಮಗುವನ್ನು ಕೇಳುವುದು ಹೇಗೆ ಅನ್ನೋದೇ ಕಷ್ಟವಾಗಿತ್ತು. ಕ್ಯಾರೊಲಿನ್ ರೋವಿ-ಕೊಲಿಯರ್ ಎಂಬ ಸಂಶೋಧಕಿ ಅದಕ್ಕೆ ಒಂದು ರಿಬ್ಬನ್ ಬಳಸಿದರು. ತೊಟ್ಟಿಲ ಮೇಲೆ ತೂಗುವ ಬಣ್ಣದ ಗೊಂಬೆಗಳು, ಅಲ್ಲಿಂದ ಮಗುವಿನ ಕಾಲಿಗೆ ಒಂದು ರಿಬ್ಬನ್. ಕಾಲು ಒದ್ದರೆ ಗೊಂಬೆ ಕುಣಿಯುತ್ತೆ. ಮಗು ಇದನ್ನು ಬೇಗ ಕಂಡುಹಿಡಿದು ಜೋರಾಗಿ ಒದೆಯಲು ಶುರು ಮಾಡುತ್ತೆ. ಕೆಲವು ದಿನ ಬಿಟ್ಟು ಅದೇ ಗೊಂಬೆ ತೋರಿಸಿದಾಗ ಮತ್ತೆ ಜೋರಾಗಿ ಒದ್ದರೆ ಅದಕ್ಕೆ ನೆನಪಿದೆ ಅಂತ ಲೆಕ್ಕ. ಮೂರು ತಿಂಗಳ ಕೂಸು ಸುಮಾರು ಒಂದು ವಾರ, ಆರು ತಿಂಗಳದ್ದು ಸುಮಾರು ಎರಡು ವಾರ ನೆನಪಿಟ್ಟುಕೊಂಡಿತು.

ಹಾಗಿದ್ದರೆ ನಮಗ್ಯಾಕೆ ನಮ್ಮ ತೊಟ್ಟಿಲು ನೆನಪಿಲ್ಲ? ದೊಡ್ಡವರನ್ನು ‘ನಿಮ್ಮ ಮೊಟ್ಟಮೊದಲ ನೆನಪು ಯಾವುದು’ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಸುಮಾರು ಮೂರು, ಮೂರೂವರೆ ವರ್ಷದ ಸಂಗತಿ. ಅದಕ್ಕೆ ಮುಂಚಿನದು ಖಾಲಿ. 2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಅಮ್ಮನ ಸೊಂಟದ ಮೇಲಿದ್ದ ಎರಡು ವರ್ಷದ ಮಗುವನ್ನು ಯೋಚಿಸಿ. ಅಂದು ಅದು ಅತ್ತಿರುತ್ತದೆ, ಪರಿಹಾರ ಕೇಂದ್ರದಲ್ಲಿ ಕೆಲವು ದಿನ ಹೆದರಿರುತ್ತದೆ. ಆದರೂ ದೊಡ್ಡದಾದ ಮೇಲೆ ಆ ದಿನ ನೆನಪಿರುವ ಸಾಧ್ಯತೆ ತೀರಾ ಕಡಿಮೆ. ಆಗ ಏಳು ವರ್ಷವಿದ್ದ ಅದರ ಅಣ್ಣನಿಗೆ ನೆನಪಿರುತ್ತೆ.

ಕಾರಣ ಒಂದೇ ಅಲ್ಲ. ಎಳೆಯ ವಯಸ್ಸಿನಲ್ಲಿ ಹಿಪೊಕ್ಯಾಂಪಸ್ ಇನ್ನೂ ಕಟ್ಟುವ ಹಂತದಲ್ಲಿರುತ್ತದೆ. ಅಲ್ಲಿ ಹೊಸ ನರಕೋಶಗಳು ಹುಟ್ಟಿ ಸೇರಿಕೊಳ್ಳುವಾಗ ಹಳೇ ಜೋಡಣೆಗಳು ಕಲಕುತ್ತವೆ. ಕೆನಡಾದ ಟೊರಾಂಟೊದಲ್ಲಿ ಇಲಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೊಸ ನರಕೋಶಗಳ ಹುಟ್ಟು ಹೆಚ್ಚಿಸಿದಾಗ ಹಳೆಯ ನೆನಪು ಅಳಿಯುವುದು ಕಂಡುಬಂತು. ಎರಡನೆಯ ಕಾರಣ ಮಾತು. ನಡೆದದ್ದನ್ನು ಕಥೆಯಾಗಿ ಹೇಳಲು ಬಂದ ಮೇಲೆ ನೆನಪು ನಿಲ್ಲುತ್ತದೆ. ನ್ಯೂಜಿಲೆಂಡ್‌ನ ಮಾವೊರಿ ಜನರ ಮೊದಲ ನೆನಪುಗಳು ಅಲ್ಲಿನ ಯುರೋಪಿಯನ್ ಮೂಲದವರಿಗಿಂತ ಮುಂಚಿನವು, ಸರಾಸರಿ ಮೂರು ವರ್ಷಕ್ಕೂ ಮೊದಲಿನವು ಅಂತ 2000ದಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹಿರಿಯರು ಹಿಂದಿನದನ್ನು ಬಿಡಿಸಿ ಬಿಡಿಸಿ ಹೇಳುವ ಸಂಪ್ರದಾಯ ಅವರಲ್ಲಿ ಗಟ್ಟಿಯಾಗಿದೆ ಎಂಬುದು ಸಂಶೋಧಕರ ವಿವರಣೆ. ಮಗುವಿನ ಹತ್ತಿರ ‘ಇವತ್ತು ಸಂತೆಯಲ್ಲಿ ಏನು ನೋಡಿದೆ? ಆಮೇಲೆ ಏನಾಯ್ತು?’ ಅಂತ ಕೇಳುತ್ತಾ ಕೂರುವ ಅಜ್ಜಿ ಸುಮ್ನೆ ಹೊತ್ತು ಕಳೆಯುತ್ತಿಲ್ಲ.

ಶಾಲೆಯ ವಯಸ್ಸು

ಮಕ್ಕಳ ಯೋಚನೆಯ ಬಗ್ಗೆ ಮಾತು ಬಂದರೆ ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಹೆಸರು ಬಂದೇ ಬರುತ್ತದೆ. ಬಿ.ಎಡ್. ಮಾಡಿದವರೆಲ್ಲ ಅವರನ್ನು ಬಾಯಿಪಾಠ ಮಾಡಿದವರೇ. ಅವರ ಒಂದು ಪ್ರಯೋಗ ಹೀಗಿದೆ. ನಾಣ್ಯಗಳ ಎರಡು ಸಾಲು, ಎರಡರಲ್ಲೂ ಅಷ್ಟಷ್ಟೇ. ಮಗುವಿನ ಎದುರೇ ಒಂದು ಸಾಲನ್ನು ಅಗಲ ಮಾಡಿ ‘ಈಗ ಯಾವುದರಲ್ಲಿ ಜಾಸ್ತಿ’ ಅಂತ ಕೇಳಿದರೆ ನಾಲ್ಕೈದು ವರ್ಷದ ಮಗು ಉದ್ದ ಸಾಲನ್ನು ತೋರಿಸುತ್ತದೆ. ಏಳರ ಹೊತ್ತಿಗೆ ‘ಎರಡೂ ಒಂದೇ’ ಅನ್ನುತ್ತದೆ.

1974ರಲ್ಲಿ ಸ್ಕಾಟ್ಲೆಂಡಿನ ಇಬ್ಬರು ಸಂಶೋಧಕರು ಇದಕ್ಕೊಂದು ತಿರುವು ಕೊಟ್ಟರು. ಸಾಲನ್ನು ದೊಡ್ಡವರು ಸರಿಸುವ ಬದಲು, ಒಂದು ತುಂಟ ಟೆಡ್ಡಿ ಗೊಂಬೆ ಪೆಟ್ಟಿಗೆಯಿಂದ ಹೊರಬಂದು ಕೆಡಿಸಿದಂತೆ ಮಾಡಿದರು. ಈಗ ಬಹಳ ಮಕ್ಕಳು ಸರಿ ಉತ್ತರ ಕೊಟ್ಟರು! ಮೊದಲ ಸಲ ಅವರು ತಪ್ಪಿದ್ದು ಲೆಕ್ಕ ತಿಳಿಯದೆ ಮಾತ್ರವಲ್ಲ. ‘ಟೀಚರ್ ಬೇಕಂತಲೇ ಬದಲಾಯಿಸಿ ಮತ್ತೆ ಕೇಳುತ್ತಿದ್ದಾರೆ, ಹಾಗಾದರೆ ಉತ್ತರವೂ ಬದಲಾಗಿರಬೇಕು’ ಅಂತ ಅಂದಾಜು ಮಾಡಿರಬಹುದು. ಮಕ್ಕಳಿಗೆ ಏನು ಗೊತ್ತಿದೆ ಅನ್ನೋದು ನಾವು ಹೇಗೆ ಕೇಳುತ್ತೇವೆ ಎಂಬುದರ ಮೇಲೂ ನಿಂತಿದೆ. ನನಗೆ ಈ ಪ್ರಯೋಗ ಪಿಯಾಜೆಯದ್ದಕ್ಕಿಂತ ಇಷ್ಟ.

ಶಾಲೆಯ ವರ್ಷಗಳಲ್ಲಿ ಎದ್ದು ಕಾಣುವ ಬೆಳವಣಿಗೆ ತಕ್ಷಣದ ನೆನಪಿನದು. ಅಂಕಿಗಳನ್ನು ಒಂದೊಂದಾಗಿ ಹೇಳಿ ತಿರುಗಿ ಹೇಳಿಸಿದರೆ ಐದು ವರ್ಷದ ಮಗು ನಾಲ್ಕರ ಆಸುಪಾಸು ಹೇಳುತ್ತೆ, ದೊಡ್ಡವರು ಏಳರ ಆಸುಪಾಸು. ‘ಬ್ಯಾಗ್ ಇಡು, ಕೈ ತೊಳಿ, ಬಟ್ಟೆ ಬದಲಾಯಿಸು, ಡಬ್ಬಿ ತಂದು ಕೊಡು’ ಅಂತ ಒಂದೇ ಉಸಿರಿಗೆ ಹೇಳಿದರೆ ಒಂದನೇ ಕ್ಲಾಸಿನ ಮಗು ಬ್ಯಾಗ್ ಇಟ್ಟು ನಿಂತುಬಿಡುತ್ತೆ. ಅದು ಹಟ ಅಲ್ಲ. ಹಿಡಿಸಿದ್ದೇ ಅಷ್ಟು.

ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಯೋಜನೆ ಹಾಕುವುದು, ಆಸೆ ತಡೆಯುವುದು, ಮುಂದಿನದು ಯೋಚಿಸುವುದನ್ನು ನೋಡಿಕೊಳ್ಳುತ್ತದೆ. ಎಲ್ಲಕ್ಕಿಂತ ತಡವಾಗಿ ಬಲಿಯುವ ಭಾಗಗಳಲ್ಲಿ ಅದೂ ಒಂದು, ಇಪ್ಪತ್ತರ ನಡುವಿನ ತನಕ. ಹದಿನೇಳರ ಹುಡುಗ ಮಡಿಕೇರಿ ಘಾಟಿಯ ತಿರುವಿನಲ್ಲಿ ಬೈಕ್ ಓಡಿಸುವ ರೀತಿಗೆ ಇದು ಪೂರ್ತಿ ವಿವರಣೆಯಲ್ಲ, ಆದರೆ ಸ್ವಲ್ಪ ವಿವರಣೆ.

ಹಾಗಾದರೆ 25ಕ್ಕೇ ಇಳಿಜಾರಾ?

ವಾಟ್ಸಾಪ್ ಸಂದೇಶದಲ್ಲಿ ಅರ್ಧ ಸತ್ಯವಿದೆ. ಜೋಶುವಾ ಹಾರ್ಟ್ಸ್‌ಹಾರ್ನ್ ಮತ್ತು ಲಾರಾ ಜರ್ಮೈನ್ ಎಂಬ ಸಂಶೋಧಕರು ಸುಮಾರು 50 ಸಾವಿರ ಜನರಿಗೆ ಆನ್‌ಲೈನ್ ಪರೀಕ್ಷೆ ಕೊಟ್ಟು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಹಿತಿಯನ್ನು ಸರಸರ ನಿಭಾಯಿಸುವ ವೇಗ ಹದಿನೆಂಟು, ಹತ್ತೊಂಬತ್ತರಲ್ಲೇ ತುದಿ ಮುಟ್ಟುತ್ತೆ. ತಕ್ಷಣದ ನೆನಪು ಇಪ್ಪತ್ತೈದರ ಹೊತ್ತಿಗೆ. ಆದರೆ ಎದುರಿನವರ ಕಣ್ಣು ನೋಡಿ ಮನಸ್ಸು ಅಳೆಯುವ ಶಕ್ತಿ ನಲವತ್ತು, ಐವತ್ತರ ಹರೆಯದಲ್ಲಿ. ಪದಸಂಪತ್ತು ಅರುವತ್ತು ದಾಟಿದ ಮೇಲೂ ಏರುತ್ತಲೇ ಇತ್ತು. ಯಾವ ವಯಸ್ಸಿನಲ್ಲೂ ಮನುಷ್ಯ ಎಲ್ಲದರಲ್ಲೂ ಒಟ್ಟಿಗೆ ಉತ್ತುಂಗದಲ್ಲಿರುವುದಿಲ್ಲ.

ಇದಕ್ಕೆ ಬಹಳ ಮೊದಲೇ ರೇಮಂಡ್ ಕ್ಯಾಟೆಲ್ ಎಂಬ ಮನೋವಿಜ್ಞಾನಿ ಬುದ್ಧಿಯನ್ನು ಎರಡಾಗಿ ನೋಡಿದ್ದರು. ಹಿಂದೆಂದೂ ಕಾಣದ ಸಮಸ್ಯೆಯನ್ನು ಸ್ಥಳದಲ್ಲೇ ಬಿಡಿಸುವ ಬುದ್ಧಿ ಒಂದು, ವರ್ಷಗಳಿಂದ ಕೂಡಿಬಂದ ತಿಳಿವಳಿಕೆ ಇನ್ನೊಂದು. ಮೊದಲನೆಯದು ಯೌವನದ ನಂತರ ನಿಧಾನವಾಗಿ ಇಳಿಯುತ್ತದೆ. ಎರಡನೆಯದು ಬಹಳ ಕಾಲ ನಿಲ್ಲುತ್ತದೆ.

ತೋಟದಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು. ಹೊಸ ಫೋನ್ ಕೈಗೆ ಬಂದರೆ ಮೊಮ್ಮಗ ಹತ್ತು ನಿಮಿಷದಲ್ಲಿ ಅದರ ಒಳಹೊರಗು ತಿಳಿಯುತ್ತಾನೆ, ಅಜ್ಜ ವಾರಗಟ್ಟಲೆ ಒದ್ದಾಡುತ್ತಾರೆ. ಅದೇ ಅಜ್ಜ ಅರೇಬಿಕಾ ಸಾಲಿನಲ್ಲಿ ನಡೆಯುತ್ತಾ ಒಂದು ಗಿಡದ ಮುಂದೆ ನಿಲ್ಲುತ್ತಾರೆ. ಎಲೆ ಸ್ವಲ್ಪ ಹಳದಿ, ಕಾಂಡದ ಮೇಲೆ ತೆಳ್ಳಗೆ ಉಬ್ಬಿದ ಗೆರೆ. ಬೆರಳಾಡಿಸಿ ‘ಕಾಂಡಕೊರಕ ಬಿದ್ದಿದೆ, ಕಿತ್ತು ಸುಡಿ’ ಅನ್ನುತ್ತಾರೆ. ಮೊಮ್ಮಗನ ಕಣ್ಣಿಗೆ ಆ ಗಿಡವೂ ಪಕ್ಕದ ಗಿಡವೂ ಒಂದೇ.

ಒಂದೇ ದಿನ ಅಳೆದರೆ ಮೋಸ

ಇವತ್ತು ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಕೂರಿಸಿ ಒಂದೇ ಪರೀಕ್ಷೆ ಕೊಟ್ಟರೆ ಹಿರಿಯರು ಹಿಂದೆ ಬೀಳುತ್ತಾರೆ. ಆದರೆ ಆ ಅಂತರವೆಲ್ಲ ವಯಸ್ಸಿನದ್ದಾ? ಎಪ್ಪತ್ತರ ಅಜ್ಜಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿರಬಹುದು, ಮೊಮ್ಮಗಳು ಇಂಜಿನಿಯರಿಂಗ್ ಓದಿದ್ದಾಳೆ. ಬೆಳೆದ ಕಾಲದ ವ್ಯತ್ಯಾಸವೂ ವಯಸ್ಸಿನ ಲೆಕ್ಕಕ್ಕೆ ಸೇರಿಬಿಡುತ್ತೆ. ಇದನ್ನು ಬೇರ್ಪಡಿಸಬೇಕಾದರೆ ಅದೇ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಅಳೆಯಬೇಕು. ದುಡ್ಡೂ ಬೇಕು, ತಾಳ್ಮೆಯೂ ಬೇಕು.

ವಾರ್ನರ್ ಶಾಯ್ ಎಂಬ ಮನೋವಿಜ್ಞಾನಿ ಇಂಥದೊಂದು ಅಧ್ಯಯನವನ್ನು ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ಶುರು ಮಾಡಿದರು. ಏಳು ವರ್ಷಕ್ಕೊಮ್ಮೆ ಹಳಬರನ್ನು ಮತ್ತೆ ಪರೀಕ್ಷಿಸಿ, ಹೊಸಬರನ್ನು ಸೇರಿಸಿಕೊಳ್ಳುತ್ತಾ ಹೋದರು. ಒಂದೇ ದಿನದ ಅಳತೆಯಲ್ಲಿ ಮೂವತ್ತಕ್ಕೇ ಕಾಣುತ್ತಿದ್ದ ಇಳಿತ, ಅದೇ ವ್ಯಕ್ತಿಯನ್ನು ಹಿಂಬಾಲಿಸಿದಾಗ ಹೆಚ್ಚಿನ ಸಾಮರ್ಥ್ಯಗಳಲ್ಲಿ ಅರುವತ್ತರವರೆಗೂ ಅಷ್ಟಾಗಿ ಕಾಣಲಿಲ್ಲ.

ಸ್ಕಾಟ್ಲೆಂಡಿನ ಕಥೆ ಇನ್ನೂ ಸೊಗಸು. 1932ರ ಜೂನ್ 1ರಂದು ಅಲ್ಲಿ 1921ರಲ್ಲಿ ಹುಟ್ಟಿ ಶಾಲೆಗೆ ಹೋಗುತ್ತಿದ್ದ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ, 87 ಸಾವಿರಕ್ಕೂ ಹೆಚ್ಚು, ಒಂದೇ ಬುದ್ಧಿ ಪರೀಕ್ಷೆ ನಡೆಯಿತು. ಆ ಅಂಕಪಟ್ಟಿಗಳು ದಶಕಗಟ್ಟಲೆ ಧೂಳು ತಿನ್ನುತ್ತಾ ಬಿದ್ದಿದ್ದವು. ಇಯಾನ್ ಡಿಯರಿ ಮತ್ತು ಜೊತೆಗಾರರು ಅವನ್ನು ಹಿಡಿದು ಆ ‘ಮಕ್ಕಳನ್ನು’ ಹುಡುಕಿದರು. 1998ರ ಜೂನ್ 1ರಂದು, ಸರಿಯಾಗಿ 66 ವರ್ಷದ ನಂತರ, ಅಬರ್ಡೀನ್‌ನಲ್ಲಿ 77 ವರ್ಷದ 101 ಜನ ಅದೇ ಪ್ರಶ್ನೆಪತ್ರಿಕೆಗೆ ಮತ್ತೆ ಉತ್ತರ ಬರೆದರು. ಸರಾಸರಿ ಅಂಕ ಹನ್ನೊಂದರಲ್ಲಿ ಇದ್ದುದಕ್ಕಿಂತ ಹೆಚ್ಚೇ ಬಂತು. ಚಿಕ್ಕಂದಿನಲ್ಲಿ ಮುಂದಿದ್ದವರು ಬಹುಪಾಲು ಮುಂದೆಯೇ ಇದ್ದರು. ಆದರೆ ಎಲ್ಲರೂ ಅಲ್ಲ. ಮುಪ್ಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಅರ್ಧ ಬಾಲ್ಯದಿಂದಲೇ ಬಂದದ್ದು, ಉಳಿದರ್ಧ ನಡುವಿನ ಬದುಕಿನದು.

ನಮ್ಮ ರಾಜ್ಯದಲ್ಲೂ ಇಂಥದೊಂದು ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುತ್ತಿದೆ. ಗುರಿ ಸುಮಾರು 10 ಸಾವಿರ ಜನ. ಹಳ್ಳಿಯ ಭಾರತೀಯರ ಮಿದುಳಿಗೆ ವಯಸ್ಸಾಗುವ ಬಗೆಯನ್ನು ಅಮೆರಿಕದ ಅಂಕಿಅಂಶದಿಂದ ಊಹಿಸುವ ಬದಲು ಇಲ್ಲೇ ನೋಡುವ ಕೆಲಸ.

ಹಳೇದು ಯಾಕೆ ಉಳಿಯಿತು?

ಅರುವತ್ತು, ಎಪ್ಪತ್ತು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಿ ಅಂದರೆ, ಅವರು ಹೇಳುವುದರಲ್ಲಿ ಹತ್ತರಿಂದ ಮೂವತ್ತು ವರ್ಷದ ನಡುವಿನ ಪ್ರಸಂಗಗಳು ಅಳತೆ ಮೀರಿ ಹೆಚ್ಚಿರುತ್ತವೆ. ಹಲವು ದೇಶಗಳಲ್ಲಿ ಇದು ಕಂಡಿದೆ. ಮೊದಲ ಕೆಲಸ, ಮದುವೆ, ಮೊದಲ ಮಗು, ಎಲ್ಲ ‘ಮೊದಲು’ಗಳೂ ಬರುವುದು ಆಗಲೇ. ಮೇಲಾಗಿ, ಅವನ್ನು ನೂರು ಸಲ ಹೇಳಿಯಾಗಿದೆ. ಅಜ್ಜನ ಪುತ್ತರಿಯ ಕಥೆ ಪ್ರತಿ ಪುತ್ತರಿಗೂ ಹೊಸದಾಗಿ ಗಟ್ಟಿಯಾಗುತ್ತದೆ. ಕನ್ನಡಕ ಇಟ್ಟದ್ದಾದರೋ ಯಾರೂ ಗಮನ ಕೊಡದ ಕ್ಷಣ. ಮನಸ್ಸು ಬೇರೆಲ್ಲೋ ಇದ್ದಾಗ ನೆನಪು ಒಳಗೆ ಹೋಗುವುದೇ ಇಲ್ಲ. ಹೊಸದನ್ನು ಕೂಡಿಡುವ ಹಿಪೊಕ್ಯಾಂಪಸ್ ಕೂಡ ವಯಸ್ಸಾದಂತೆ ಕುಗ್ಗುತ್ತದೆ.

ಆದರೆ ಸ್ಪಷ್ಟವಾಗಿ ನೆನಪಿದೆ ಅಂದ ಮಾತ್ರಕ್ಕೆ ಅದು ಸರಿ ಅಂತೇನಿಲ್ಲ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರ ಜೊತೆಗಿದ್ದಿರಿ’ ಅಂತ ಬರೆಸಿಕೊಂಡರು. ಎರಡೂವರೆ ವರ್ಷದ ಮೇಲೆ ಮತ್ತೆ ಬರೆಸಿದಾಗ ನಾಲ್ಕನೇ ಒಂದು ಭಾಗದವರ ಪ್ರತಿ ವಿವರವೂ ತಪ್ಪಾಗಿತ್ತು. ತಮ್ಮದೇ ಕೈಬರಹ ತೋರಿಸಿದರೂ ಕೆಲವರು ಒಪ್ಪಲಿಲ್ಲ. ಅವರೆಲ್ಲ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು, ಮುದುಕರಲ್ಲ. ನಾವು ನೆನಪನ್ನು ಪ್ರತಿ ಸಲವೂ ಹೊಸದಾಗಿ ಕಟ್ಟುತ್ತೇವೆ, ಕಟ್ಟುವಾಗ ಆಮೇಲೆ ಕೇಳಿದ್ದು, ಟಿವಿಯಲ್ಲಿ ನೋಡಿದ್ದು ಎಲ್ಲ ಸೇರಿಕೊಳ್ಳುತ್ತೆ. 2018ರ ಮಳೆಯ ಬಗ್ಗೆ ಒಂದೇ ಮನೆಯ ಮೂವರು ಮೂರು ಥರ ಹೇಳಿದರೆ ಯಾರೂ ಸುಳ್ಳು ಹೇಳುತ್ತಿಲ್ಲ.

ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ?

ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳಂ, ಎರವ, ಬ್ಯಾರಿ. ವಿರಾಜಪೇಟೆಯ ಒಂದು ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಇವುಗಳಲ್ಲಿ ಮೂರ್ನಾಲ್ಕಾದರೂ ಕಿವಿಗೆ ಬೀಳುತ್ತವೆ. ಇದಕ್ಕೂ ಮುಪ್ಪಿನ ಮರೆವಿಗೂ ಸಂಬಂಧವಿದೆಯಾ ಅಂತ ನೋಡಿದ ಪ್ರಸಿದ್ಧ ಅಧ್ಯಯನ ಹೈದರಾಬಾದಿನದು. ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಅಲ್ಲಿ 648 ಡಿಮೆನ್ಷಿಯಾ (ದಿನದ ಕೆಲಸಕ್ಕೇ ತೊಡಕಾಗುವಷ್ಟು ನೆನಪು, ಬುದ್ಧಿ ಕೆಡುವ ಸ್ಥಿತಿ) ರೋಗಿಗಳ ಮಾಹಿತಿ ನೋಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸವಿತ್ತು.

ನಾಲ್ಕು ಭಾಷೆ ಬರುತ್ತೆ ಅಂತ ಹೆಮ್ಮೆಪಡುವ ನಮ್ಮವರಿಗೆ ಒಂದು ಸಣ್ಣ ನಿರಾಸೆ: ಎರಡಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿ ಲಾಭ ಅಂತ ಆ ಅಧ್ಯಯನದಲ್ಲಿ ಕಾಣಲಿಲ್ಲ. ಆರೋಗ್ಯವಂತರನ್ನೇ ಹಿಂಬಾಲಿಸಿ ನೋಡಿದ ಬೇರೆ ಕೆಲವು ಅಧ್ಯಯನಗಳಲ್ಲಿ ಈ ಲಾಭವೇ ಸಿಗಲಿಲ್ಲ. ಚರ್ಚೆ ಇನ್ನೂ ಮುಗಿದಿಲ್ಲ.

ಯಾವ ಮರೆವಿಗೆ ಡಾಕ್ಟರ ಹತ್ತಿರ ಹೋಗಬೇಕು?

ಡಿಮೆನ್ಷಿಯಾ ಅಂದರೆ ಒಂದು ಕಾಯಿಲೆಯ ಹೆಸರಲ್ಲ. ನೆನಪು, ಮಾತು, ಲೆಕ್ಕಾಚಾರ ಕೆಟ್ಟು ದಿನದ ಕೆಲಸಕ್ಕೇ ತೊಡಕಾಗುವ ಸ್ಥಿತಿ. ಅದಕ್ಕೆ ಹಲವು ಕಾರಣ, ಅಲ್ಝೈಮರ್ ಕಾಯಿಲೆ ಅವುಗಳಲ್ಲಿ ಮುಖ್ಯವಾದದ್ದು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. ಬೇರೆ ಮಾತಿನಲ್ಲಿ ಹೇಳುವುದಾದರೆ, ಆ ವಯಸ್ಸಿನ ಬಹುತೇಕರಿಗೆ ಇಲ್ಲ.

ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಸಾಮಾನ್ಯ. ನೆಂಟರ ಹೆಸರು ನಾಲಿಗೆ ತುದಿಗೆ ಬಂದು ನಿಂತು, ಸಂಜೆ ತಾನಾಗಿ ಹೊಳೆಯುವುದೂ ಸಾಮಾನ್ಯ. ದಿನಾ ಓಡಾಡಿದ ತೋಟದ ದಾರಿಯೇ ತಪ್ಪುವುದು, ಕೂಲಿ ಲೆಕ್ಕ ಸರಾಗವಾಗಿ ಮಾಡುತ್ತಿದ್ದವರು ನೋಟು ಎಣಿಸಲು ತಡವರಿಸುವುದು, ಕೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಕೇಳುವುದು, ಸ್ವಭಾವವೇ ಬದಲಾಗುವುದು ಹಾಗಲ್ಲ. ಅದೂ ತಿಂಗಳು ತಿಂಗಳಿಗೆ ಹೆಚ್ಚುತ್ತಿದ್ದರೆ ತೋರಿಸಲೇಬೇಕು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಕೂಡ ಡಿಮೆನ್ಷಿಯಾದಂತೆಯೇ ಕಾಣಬಹುದು. ಅವುಗಳಿಗೆ ಚಿಕಿತ್ಸೆ ಇದೆ.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ, ಬದುಕಿನ ಬೇರೆ ಬೇರೆ ಹಂತಗಳಲ್ಲಿ 14 ಅಂಶಗಳನ್ನು ಸರಿಮಾಡಿದರೆ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಅಂತ ಲೆಕ್ಕ ಹಾಕಿತು. ಚಿಕ್ಕಂದಿನ ಶಿಕ್ಷಣ, ನಡುವಯಸ್ಸಿನ ಬಿಪಿ, ಸಕ್ಕರೆ ಕಾಯಿಲೆ, ಹೊಗೆ, ಅತಿಯಾದ ಕುಡಿತ, ಮುಪ್ಪಿನ ಒಂಟಿತನ ಈ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿದ್ದೂ ಜನ ಕಡೆಗಣಿಸುವುದು ಕಿವಿಯನ್ನು. ಸರಿಯಾಗಿ ಕೇಳಿಸದವರು ಮಾತುಕತೆಯಿಂದ ಹಿಂದೆ ಸರಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗೆ ಹೊರಗೂ ಹೋಗಲಾಗದ ತೋಟದ ಮನೆಯಲ್ಲಿ ಇದು ಒಂಟಿತನವನ್ನು ಇಮ್ಮಡಿ ಮಾಡುತ್ತದೆ.

ಪರೀಕ್ಷೆಗೆ ಹೆದರಬೇಕಾದ್ದಿಲ್ಲ. ಮೊದಲ ಹಂತದಲ್ಲಿ ಬರೀ ಪ್ರಶ್ನೆಗಳು. ಓದು ಬಾರದವರಿಗಾಗಿಯೇ ಭಾರತದಲ್ಲಿ ಮಾರ್ಪಡಿಸಿದ ಪ್ರಶ್ನಾವಳಿಯೂ ಇದೆ. ಬರಹ ಓದಿಸಿ ‘ಕಣ್ಣು ಮುಚ್ಚಿ’ ಅನ್ನುವ ಬದಲು, ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಅಂತ ಹೇಳಿ ಪರೀಕ್ಷಕರು ತಾವೇ ಕಣ್ಣು ಮುಚ್ಚಿ ತೋರಿಸುತ್ತಾರೆ. ಪ್ರಶ್ನೆಗಳನ್ನು ಹಿರಿಯರ ಮನೆಮಾತಿನಲ್ಲೇ ಕೇಳಿದರೆ ಒಳ್ಳೆಯದು. ಎರವ ಅಥವಾ ಕೊಡವ ತಕ್ಕ್ ಆಡುವವರು ಕನ್ನಡದ ಪ್ರಶ್ನೆಗೆ ತಡವರಿಸಿದರೆ ಅದು ಮರೆವೇ ಆಗಿರಬೇಕಿಲ್ಲ, ಹಾಗಾಗಿ ಆ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳೂ ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಆದರೆ ಯಾವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.